ಗಲ್ಲಾಪೆಟ್ಟಿಗೆ ತೆರೆಯೋ ಕೀ ಯಾವುದು? ಬಿಲ್ಲಿಂಗ್ ಕೀಬೋರ್ಡ್ ಮತ್ತು ಕ್ಯಾಶ್ ಡ್ರಾಯರ್ ಜೋಡಿಸೋದು ಹೇಗೆ

ಈ ಸಲದ ಮಾತಿನ ಬರಹರೂಪ ಇಲ್ಲಿದೆ. ವಿಡಿಯೋದಲ್ಲಿ ವೈರ್ ಕೈಯಲ್ಲಿ ಹಿಡಿದು ತೋರಿಸಿದ್ದನ್ನ ಇಲ್ಲಿ ಮಾತಲ್ಲೇ ಬಿಡಿಸಿ ಹೇಳಬೇಕಾಗಿರೋದ್ರಿಂದ ಕೆಲವು ಕಡೆ ವಿವರ ಜಾಸ್ತಿ ಸೇರಿಸಿದ್ದೀನಿ.

ಚೆನ್ನೈಯಲ್ಲಿ ಕೆಲಸ ಮಾಡೋ ನಮ್ಮವರಿಗೆ ಒಂದಲ್ಲ ಒಂದು ದಿನ ಈ ಫೋನ್ ಬಂದೇ ಬರುತ್ತೆ. ಊರ ಕಡೆಯವರು ಯಾರೋ ಇಲ್ಲಿ ಹೋಟೆಲ್ಲೋ ಬೇಕರಿಯೋ ಇಟ್ಟಿರ್ತಾರೆ. "ನೀನು ಕಂಪ್ಯೂಟರ್‌ನವನಲ್ವಾ ಮಾರಾಯ, ಹೊಸ ಬಿಲ್ಲಿಂಗ್ ಸೆಟ್ ತಂದಿದ್ದೀವಿ, ದುಡ್ಡಿನ ಪೆಟ್ಟಿಗೆ ತೆರೀತಾ ಇಲ್ಲ, ಭಾನುವಾರ ಬಂದು ನೋಡು." ಕ್ಲೌಡು, ಕುಬರ್ನೆಟಿಸು ಅಂತ ಓಡಾಡೋ ನಾವು ಆ ಪೆಟ್ಟಿಗೆ ಮುಂದೆ ನಿಂತಾಗ ಯಾವ ವೈರ್ ಯಾವ ತೂತಿಗೆ ಅಂತಲೇ ತಿಳಿಯಲ್ಲ. ಹಾರ್ಡ್‌ವೇರ್ ಭಾಗ ನಿಜಕ್ಕೂ ಹತ್ತು ನಿಮಿಷದ ಕೆಲಸ. ಆದರೆ ಆ ಪೆಟ್ಟಿಗೆ ಯಾವಾಗ ತೆರೆಯಬೇಕು, ಯಾವಾಗ ತೆರೆಯಬಾರದು ಅನ್ನೋದನ್ನ ತೀರ್ಮಾನ ಮಾಡದೆ ಎದ್ದು ಬಂದ್ರೆ, ಸಂಜೆ ಲೆಕ್ಕ ತಾಳೆ ಆಗದೆ ಯಾವನೋ ಕ್ಯಾಶಿಯರ್ ಹುಡುಗ ಬೈಸಿಕೊಳ್ಳಬೇಕಾಗುತ್ತೆ. ಅದಕ್ಕೇ ಎರಡನೇ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೀನಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾವು ಗಲ್ಲಾ, ಗಲ್ಲಾಪೆಟ್ಟಿಗೆ ಅಂತೀವಲ್ಲ, ಇಲ್ಲಿಯವರು ಅದನ್ನೇ ಕಲ್ಲಾಪೆಟ್ಟಿ ಅಂತಾರೆ. ಚಿಲ್ಲರೆಗೆ ಚಿಲ್ಲರೈ. ಹಾಗಾಗಿ ರಿಚ್ಚಿ ಸ್ಟ್ರೀಟ್‌ನಲ್ಲಿ ಸಾಮಾನು ತರೋಕೆ ಹೋದಾಗ ತಮಿಳು ಬರಲ್ಲ ಅಂತ ಹೆದರ್ಕೋಬೇಡಿ.

ಪೆಟ್ಟಿಗೆ ಯಾರ ಮಾತು ಕೇಳುತ್ತೆ?

ಹೊಸಬರು ಎಲ್ಲರೂ ಅಂದ್ಕೊಳ್ಳೋದು ಹೀಗೆ: ಕೀಬೋರ್ಡ್‌ನಲ್ಲಿ ಕ್ಯಾಶ್ ಅನ್ನೋ ಕೀ ಇದೆ, ಅದನ್ನ ಒತ್ತಿದ್ರೆ ಪೆಟ್ಟಿಗೆ ತೆರೆಯುತ್ತೆ, ಅಂದಮೇಲೆ ಅವೆರಡರ ನಡುವೆ ಏನೋ ಸಂಬಂಧ ಇರಬೇಕು. ಸಾಮಾನ್ಯ ಅಂಗಡಿ ಜೋಡಣೆಯಲ್ಲಿ ಹಾಗೇನೂ ಇಲ್ಲ. ಕೀಬೋರ್ಡ್ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಒಂದು ಅಕ್ಷರ ಕಳಿಸುತ್ತೆ ಅಷ್ಟೆ. ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನ ನೋಡಿ ಬಿಲ್ ಮುಗಿಸುತ್ತೆ, ಪ್ರಿಂಟರ್‌ಗೆ ಬಿಲ್ ಕಳಿಸುತ್ತೆ, ಜೊತೆಗೆ ಐದು ಬೈಟ್‌ನ ಒಂದು ಆಜ್ಞೆಯನ್ನೂ ಕಳಿಸುತ್ತೆ. ಪ್ರಿಂಟರ್ ಆ ಆಜ್ಞೆ ಓದಿ ತನ್ನ ಹಿಂದಿರೋ ಡ್ರಾಯರ್ ಪೋರ್ಟಿನಿಂದ ಕ್ಷಣಕಾಲ ವಿದ್ಯುತ್ ಬಿಡುತ್ತೆ. ಪೆಟ್ಟಿಗೆಯೊಳಗಿನ ಸೊಲೆನಾಯ್ಡ್ ಕೊಂಡಿಯನ್ನ ಎಳೆಯುತ್ತೆ, ಸ್ಪ್ರಿಂಗ್ ಪೆಟ್ಟಿಗೆಯನ್ನ ಹೊರಗೆ ತಳ್ಳುತ್ತೆ.

ಪ್ರಿಂಟರ್ ಯಾಕೆ ನಡುವೆ ಬಂತು? ವಿದ್ಯುತ್ ಸಲುವಾಗಿ. ಹೆಚ್ಚಿನ ಡ್ರಾಯರ್‌ಗಳ ಸೊಲೆನಾಯ್ಡ್ 24 ವೋಲ್ಟ್‌ನಲ್ಲಿ ಸುಮಾರು 1 ಆಂಪಿಯರ್‌ವರೆಗೂ ಎಳೆಯುತ್ತೆ. ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟ್, ಅರ್ಧ ಆಂಪಿಯರ್. ಅದರಿಂದ ನೇರವಾಗಿ ಆ ಕೊಂಡಿ ಎಳೆಯೋಕೆ ಆಗಲ್ಲ. ಥರ್ಮಲ್ ರಸೀದಿ ಪ್ರಿಂಟರ್‌ಗೆ ಹೇಗೂ ಸಾಮಾನ್ಯವಾಗಿ 24 ವೋಲ್ಟ್ ಅಡಾಪ್ಟರ್ ಇರುತ್ತೆ, ಬಿಲ್ ಹೊಡೆಯೋದೂ ದುಡ್ಡು ತೆಗೆಯೋದೂ ಒಂದೇ ಗಳಿಗೆಯಲ್ಲಿ ಆಗುತ್ತೆ. ಹಾಗಾಗಿ ಈ ಕೆಲಸ ಪ್ರಿಂಟರ್ ಹೆಗಲಿಗೇ ಬಿತ್ತು. ಕೆಲವು ಪಿಒಎಸ್ ಟರ್ಮಿನಲ್‌ಗಳ ಬೆನ್ನಲ್ಲೇ ಡ್ರಾಯರ್ ಪೋರ್ಟ್ ಇರುತ್ತೆ. ಅಂಥದ್ದಿದ್ರೆ 12 ವೋಲ್ಟೋ 24 ವೋಲ್ಟೋ ಅಂತ ಮೊದಲು ನೋಡ್ಕೊಳ್ಳಿ, ಡ್ರಾಯರ್ ಮೇಲಿನ ಚೀಟಿಯಲ್ಲೂ ಬರೆದಿರುತ್ತೆ. ಪ್ರಿಂಟರೇ ಇಲ್ಲದ ಕಡೆಗೆ ಅಂತ ಯುಎಸ್‌ಬಿ ಟ್ರಿಗರ್ ಡಬ್ಬಿಗಳೂ ಸಿಗುತ್ತವೆ.

ಆ ಪುಟ್ಟ ಕೇಬಲ್

ಪ್ರಿಂಟರ್ ಹಿಂದಿನ ಡ್ರಾಯರ್ ಪೋರ್ಟ್ ನೋಡೋಕೆ ಥೇಟ್ ಹಳೇ ಲ್ಯಾಂಡ್‌ಲೈನ್ ಫೋನಿನ ತೂತು. ಅದಕ್ಕೆ ಫೋನ್ ಲೈನ್ ಮಾತ್ರ ಚುಚ್ಚಬೇಡಿ, ಪ್ರಿಂಟರೂ ಹಾಳು, ಲೈನೂ ಹಾಳು. ಫೋನಿನ ಸುರುಳಿ ವೈರನ್ನ ಡ್ರಾಯರ್ ಕೇಬಲ್ ಆಗಿ ಬಳಸೋದೂ ಬೇಡ. ಯಾಕೆ ಅಂತ ಪಿನ್‌ಗಳನ್ನ ನೋಡಿದ್ರೆ ಗೊತ್ತಾಗುತ್ತೆ.

ಎಪ್ಸನ್ ಪದ್ಧತಿಯಲ್ಲಿ ಆರು ಪಿನ್. ಒಂದನೇದು ಚಾಸಿ ಅರ್ಥ್. ಎರಡನೇದು ಮೊದಲ ಡ್ರಾಯರ್ ತೆರೆಯೋದು. ಮೂರನೇದು ಪೆಟ್ಟಿಗೆ ತೆರೆದಿದೆಯೋ ಮುಚ್ಚಿದೆಯೋ ಅಂತ ತಿಳಿಸೋ ಸಿಗ್ನಲ್. ನಾಲ್ಕನೇದು 24 ವೋಲ್ಟ್. ಐದನೇದು ಎರಡನೇ ಡ್ರಾಯರ್ ತೆರೆಯೋದು. ಆರನೇದು ಸಿಗ್ನಲ್ ಗ್ರೌಂಡ್. ಈಗ ನಾಲ್ಕೇ ಎಳೆಯ ಫೋನ್ ವೈರ್ ಹಾಕಿದ್ರೆ ನಡುವಿನ ನಾಲ್ಕು ಪಿನ್ ಮಾತ್ರ ಸಿಗುತ್ತೆ. ಎರಡು ಮತ್ತು ನಾಲ್ಕು ಅದರಲ್ಲೇ ಇರೋದ್ರಿಂದ ಪೆಟ್ಟಿಗೆ ತೆರೀಬಹುದು. ಆದರೆ ಆರನೇ ಪಿನ್ ಇಲ್ಲದೆ ತೆರೆದಿದೆಯೋ ಇಲ್ಲವೋ ಅನ್ನೋ ಸುದ್ದಿ ವಾಪಸ್ ಬರಲ್ಲ. ಸಾಲದ್ದಕ್ಕೆ ಫೋನ್ ವೈರುಗಳು ಸಾಮಾನ್ಯವಾಗಿ ಎರಡು ತುದಿಯಲ್ಲಿ ಹಿಂದುಮುಂದಾಗಿ ಕಟ್ಟಿರ್ತಾರೆ, ಎರಡನೇ ಪಿನ್ ಆ ಕಡೆ ಐದನೇದಾಗುತ್ತೆ. ಆಗ ಏನೂ ತೆರೆಯಲ್ಲ, ಮೇಲಾಗಿ 24 ವೋಲ್ಟ್ ಹೋಗಬಾರದ ಕಡೆ ಹೋಗುತ್ತೆ. ಎಲ್ಲಾ ಕಂಪನಿ ಪ್ರಿಂಟರ್‌ಗಳ ಪಿನ್ ಕ್ರಮವೂ ಒಂದೇ ಅಲ್ಲ. ಡ್ರಾಯರ್ ಜೊತೆ ಬಂದ ಕೇಬಲ್ ಅಥವಾ ಆ ಪ್ರಿಂಟರ್‌ಗೇ ಅಂತ ಮಾರೋ ಕೇಬಲ್ ತಗೊಳ್ಳಿ. ಚುಚ್ಚೋವಾಗ ಪ್ರಿಂಟರ್ ಆಫ್ ಇರಲಿ.

ಒಂದೇ ಪ್ರಿಂಟರ್‌ಗೆ ಎರಡು ಡ್ರಾಯರ್ ಬೇಕು ಅಂತ ಕೆಲವರು ಕೇಳ್ತಾರೆ, ಬೆಳಗಿನ ಪಾಳಿಗೊಂದು, ಸಂಜೆ ಪಾಳಿಗೊಂದು. ಅದು ಒಳ್ಳೇ ಯೋಚನೆ. ಮೊದಲನೇದು ಪಿನ್ 2ಕ್ಕೆ, ಎರಡನೇದು ಪಿನ್ 5ಕ್ಕೆ ಹೋಗಬೇಕು, ಅದಕ್ಕೆಂದೇ ವೈ ಆಕಾರದ ಕೇಬಲ್ ಸಿಗುತ್ತೆ. ಮಾಮೂಲಿ ಫೋನ್ ಸ್ಪ್ಲಿಟರ್ ಹಾಕಿದ್ರೆ ಎರಡೂ ಪೆಟ್ಟಿಗೆ ಪಿನ್ 2ಕ್ಕೇ ಸೇರಿ ಒಟ್ಟಿಗೆ ತೆರ್ಕೊಳ್ಳೋಕೆ ಹೋಗ್ತವೆ. ಎರಡು ಡ್ರಾಯರ್ ಇಟ್ಟ ಉದ್ದೇಶವೂ ಕೆಟ್ಟಿತು, ಪ್ರಿಂಟರ್ ಮೇಲೆ ಹೊರೆಯೂ ಆಯ್ತು.

ಐದು ಬೈಟ್

ಎಪ್ಸನ್ ಮಾಡಿದ ಎಸ್ಕ್-ಪಾಸ್ ಅನ್ನೋ ಆಜ್ಞಾಭಾಷೆಯನ್ನ ಇವತ್ತು ಬಹುತೇಕ ರಸೀದಿ ಪ್ರಿಂಟರ್‌ಗಳು ಅರ್ಥ ಮಾಡ್ಕೊಳ್ಳುತ್ತವೆ. ಡ್ರಾಯರ್ ತೆರೆಯೋಕೆ ಸಾಮಾನ್ಯವಾಗಿ ಬಳಸೋ ಸಾಲು, ದಶಮಾನದಲ್ಲಿ: 27, 112, 0, 25, 250. ಮೊದಲೆರಡು ಆಜ್ಞೆಯ ಹೆಸರು. ಮೂರನೇದು 0 ಆದ್ರೆ ಪಿನ್ 2, 1 ಆದ್ರೆ ಪಿನ್ 5. ನಾಲ್ಕನೇದು ವಿದ್ಯುತ್ ಎಷ್ಟು ಹೊತ್ತು ಬಿಡಬೇಕು ಅನ್ನೋದು, ಎರಡೆರಡು ಮಿಲಿಸೆಕೆಂಡ್ ಲೆಕ್ಕದಲ್ಲಿ. 25 ಅಂದ್ರೆ 50 ಮಿಲಿಸೆಕೆಂಡ್. ಕೊನೇದು ಆಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನೋದು, 250 ಅಂದ್ರೆ 500 ಮಿಲಿಸೆಕೆಂಡ್. ಪೆಟ್ಟಿಗೆ ಸ್ವಲ್ಪ ಬಿಗಿಯಾಗಿದ್ರೆ ನಾಲ್ಕನೇ ಅಂಕಿಯನ್ನ 50ಕ್ಕೆ ಏರಿಸಿ ನೋಡಿ. ತೆರೀತಾ ಇಲ್ಲ ಅಂತ 200, 250 ಮಾಡಬೇಡಿ, ಸೊಲೆನಾಯ್ಡಿನ ಸುರುಳಿ ಬಿಸಿಯಾಗೋದು ಬಿಟ್ಟು ಬೇರೆ ಲಾಭ ಇಲ್ಲ.

ಕೋಡ್ ಬರೆಯೋರಿಗೆ ಒಂದು ಸಣ್ಣ ಗುಂಡಿ ಇದೆ ಇಲ್ಲಿ. ಈ ಐದು ಬೈಟನ್ನ ಸ್ಟ್ರಿಂಗ್ ಅಂತ ಬರೆದು ಯುಟಿಎಫ್-8ನಲ್ಲಿ ಕಳಿಸಿದ್ರೆ ಕೊನೆಯ 250 ಒಂದು ಬೈಟ್ ಆಗಿ ಉಳಿಯಲ್ಲ, 195 ಮತ್ತು 186 ಅಂತ ಎರಡಾಗುತ್ತೆ. ಪ್ರಿಂಟರ್ 195ನ್ನ ವಿರಾಮದ ಹೊತ್ತು ಅಂತ ತಗೊಂಡು ಪೆಟ್ಟಿಗೆ ತೆರೆಯುತ್ತೆ, ಉಳಿದ 186ನ್ನ ಅಕ್ಷರ ಅಂತ ಅಚ್ಚು ಹಾಕುತ್ತೆ. ಪ್ರಿಂಟರ್ ಹಳೇ 437ನೇ ಕೋಡ್ ಪೇಜ್‌ನಲ್ಲಿದ್ರೆ ಬಿಲ್ಲಿನಲ್ಲಿ ಎರಡು ನಿಂತ ಗೆರೆ ಕಾಣುತ್ತೆ. ಪೆಟ್ಟಿಗೆ ತೆರೀತಿರೋದ್ರಿಂದ ಆ ಗೆರೆ ಎಲ್ಲಿಂದ ಬಂತು ಅಂತ ಯಾರಿಗೂ ಹೊಳೆಯಲ್ಲ. ಬೈಟ್‌ಗಳನ್ನ ಬೈಟ್‌ಗಳಾಗೇ ಕಳಿಸಿ. ಪೈಥಾನ್ ಬಳಸೋರಿಗೆ ಪೈಥಾನ್-ಎಸ್ಕ್‌ಪಾಸ್ ಲೈಬ್ರರಿಯಲ್ಲಿ ಕ್ಯಾಶ್‌ಡ್ರಾ ಅನ್ನೋ ಫಂಕ್ಷನ್ನೇ ಇದೆ, ಪಿನ್ ಸಂಖ್ಯೆ 2 ಅಥವಾ 5 ಕೊಟ್ರೆ ಸಾಕು.

ತೆರೀತಾ ಇಲ್ಲ ಅಂದಾಗ ಕಿವಿ ಕೊಡಿ. ಟಕ್ ಅಂತ ಸದ್ದು ಬಂದೂ ಪೆಟ್ಟಿಗೆ ತೆರೆಯಲಿಲ್ಲ ಅಂದ್ರೆ ವೈರ್, ಆಜ್ಞೆ ಎಲ್ಲಾ ಸರಿಯಿದೆ. ಬಹಳ ಸಲ ಪೆಟ್ಟಿಗೆಯ ಬೀಗದ ಕೈ ಲಾಕ್ ಸ್ಥಾನದಲ್ಲಿರುತ್ತೆ. ಈ ಬೀಗಕ್ಕೆ ಹೆಚ್ಚಾಗಿ ಮೂರು ಸ್ಥಾನ: ಪೂರ್ತಿ ಲಾಕ್, ಕಂಪ್ಯೂಟರ್ ತೆರೆಯೋ ಸ್ಥಿತಿ, ಕೈಯಿಂದ ತೆರೆಯೋದು. ಸದ್ದೇ ಇಲ್ಲ ಅಂದ್ರೆ ಆ ಐದು ಬೈಟನ್ನ ಒಂದು ಫೈಲ್‌ಗೆ ಹಾಕಿ ನೇರ ಪ್ರಿಂಟರ್‌ಗೆ ಕಳಿಸಿ ನೋಡಿ, ಬಿಲ್ಲಿಂಗ್ ಸಾಫ್ಟ್‌ವೇರ್ ನಡುವೆ ಬರದ ಹಾಗೆ. ವಿಂಡೋಸ್‌ನಲ್ಲಿ ಪ್ರಿಂಟರನ್ನ ಶೇರ್ ಮಾಡಿ ಆ ಶೇರ್‌ಗೆ ಬೈನರಿ ಕಾಪಿ ಮಾಡಿದ್ರಾಯ್ತು. ಹಾಗೆ ತೆರೆದ್ರೆ ತಪ್ಪು ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿದೆ. ತೆರೆಯದಿದ್ರೆ ಮೂರನೇ ಬೈಟನ್ನ 1 ಮಾಡಿ ಇನ್ನೊಮ್ಮೆ ನೋಡಿ, ಆಮೇಲೆ ಕೇಬಲ್ ಬದಲಿಸಿ.

ಡ್ರೈವರ್‌ನಲ್ಲಿ ಟಿಕ್ ಹಾಕೋ ಅಭ್ಯಾಸ

ಈಗ ಮುಖ್ಯ ವಿಷಯ. ಬಹಳಷ್ಟು ರಸೀದಿ ಪ್ರಿಂಟರ್‌ಗಳ ವಿಂಡೋಸ್ ಡ್ರೈವರ್‌ನಲ್ಲೇ ಕ್ಯಾಶ್ ಡ್ರಾಯರ್ ಅನ್ನೋ ಆಯ್ಕೆ ಇರುತ್ತೆ: ಪ್ರಿಂಟ್‌ಗೆ ಮುಂಚೆ ತೆರೆ, ಪ್ರಿಂಟ್ ಆದಮೇಲೆ ತೆರೆ. ಸಾಮಾನು ಮಾರೋ ಅಂಗಡಿಯಿಂದ ಬಂದ ಹುಡುಗ ಅಲ್ಲೊಂದು ಟಿಕ್ ಹಾಕಿ, ಒಂದು ಬಿಲ್ ಹೊಡೆದು ತೋರಿಸಿ, "ನೋಡಿ ಸಾರ್, ವರ್ಕ್ ಆಗ್ತಿದೆ" ಅಂತ ಹೊರಟುಹೋಗ್ತಾನೆ. ಅವನದೇನೂ ತಪ್ಪಿಲ್ಲ, ಅವನಿಗೆ ಕೊಟ್ಟ ಕೆಲಸ ಅಷ್ಟೇ.

ಆದರೆ ಡ್ರೈವರ್‌ಗೆ ಬಿಲ್ ಅಂದ್ರೇನು, ದುಡ್ಡು ಅಂದ್ರೇನು ಒಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಪ್ರಿಂಟ್ ಅನ್ನೋದು ಮಾತ್ರ. ಯುಪಿಐ ಬಿಲ್ ಹೊಡೆದ್ರೂ ಪೆಟ್ಟಿಗೆ ತೆರೆಯುತ್ತೆ. ಹಳೇ ಬಿಲ್‌ನ ನಕಲು ತೆಗೆದ್ರೂ ತೆರೆಯುತ್ತೆ. ಅದೇ ಪ್ರಿಂಟರ್‌ನಲ್ಲಿ ಅಡುಗೆಮನೆಗೆ ಆರ್ಡರ್ ಚೀಟಿ ಹೊಡೆದ್ರೂ, ರಾತ್ರಿ ಮಾರಾಟದ ವರದಿ ತೆಗೆದ್ರೂ ತೆರೆಯುತ್ತೆ. ಬೆಳಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ಟಿಫಿನ್ ರಶ್ಶಿನಲ್ಲಿ ಪ್ರತಿ ಸಲ ಮುಚ್ಚೋಕೆ ಯಾರಿಗೆ ಪುರುಸೊತ್ತು? ಪೆಟ್ಟಿಗೆ ಅರ್ಧ ತೆರೆದುಕೊಂಡೇ ಇರುತ್ತೆ. ಅದಕ್ಕೆ ಅಷ್ಟು ದುಡ್ಡು ಕೊಟ್ಟು ತಂದ ಬದಲು ಸ್ಟೀಲ್ ಡಬ್ಬ ಇಟ್ಟಿದ್ರೂ ನಡೀತಿತ್ತು.

ಈ ಪೆಟ್ಟಿಗೆ ಹುಟ್ಟಿದ್ದೇ ಬೇರೆ ಕಾರಣಕ್ಕೆ. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಲ್ಲಿ ಹೆಂಡದಂಗಡಿ ಇಟ್ಟಿದ್ದ ಜೇಮ್ಸ್ ರಿಟ್ಟಿ, ತಮ್ಮ ಕೆಲಸಗಾರರು ದುಡ್ಡು ಜೇಬಿಗಿಳಿಸ್ತಾರೆ ಅಂತ 1879ರಲ್ಲಿ ಅಣ್ಣತಮ್ಮಂದಿರು ಸೇರಿ ಮೊದಲ ಕ್ಯಾಶ್ ರಿಜಿಸ್ಟರ್‌ಗೆ ಪೇಟೆಂಟ್ ಪಡೆದರು. ಹಡಗಿನ ಪ್ರೊಪೆಲರ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸೋ ಯಂತ್ರ ನೋಡಿ ಹೊಳೆದ ಉಪಾಯ ಅದು. ಆ ಮೊದಲ ಯಂತ್ರಕ್ಕೆ ದುಡ್ಡಿನ ಪೆಟ್ಟಿಗೆಯೇ ಇರಲಿಲ್ಲ, ಗಡಿಯಾರದ ಥರ ಮುಳ್ಳು ಇದ್ದವು ಅಷ್ಟೆ. ಪೆಟ್ಟಿಗೆ ಮತ್ತು ಗಂಟೆ ಆಮೇಲೆ ಸೇರಿದವು. ಜಾನ್ ಪ್ಯಾಟರ್ಸನ್ 1884ರಲ್ಲಿ ಆ ವ್ಯಾಪಾರ ಕೊಂಡು ನ್ಯಾಷನಲ್ ಕ್ಯಾಶ್ ರಿಜಿಸ್ಟರ್, ಅಂದ್ರೆ ಎನ್‌ಸಿಆರ್ ಅಂತ ಬೆಳೆಸಿದರು. ಗಂಟೆ ಅಲಂಕಾರಕ್ಕಲ್ಲ. ಪೆಟ್ಟಿಗೆ ತೆರೆದಾಗ ಗಂಟೆ ಹೊಡೆದರೆ ಒಳಗೆ ಕೂತ ಮಾಲೀಕನಿಗೆ ಕೇಳುತ್ತೆ: ಮಾರಾಟ ಆಯ್ತು, ದುಡ್ಡು ಒಳಗೆ ಹೋಯ್ತು. ತೆರೆಯೋದೇ ಒಂದು ಸುದ್ದಿ. ಎಲ್ಲದಕ್ಕೂ ತೆರೆಯೋ ಪೆಟ್ಟಿಗೆಯಲ್ಲಿ ಆ ಸುದ್ದಿಗೆ ಬೆಲೆ ಇಲ್ಲ.

ಮದ್ರಾಸಿನ ಉಡುಪಿ ಹೋಟೆಲ್‌ಗಳಲ್ಲಿ ಬಹಳ ಕಾಲ ಈ ಸಮಸ್ಯೆಗೆ ಇದ್ದ ಪರಿಹಾರ ಸುಲಭದ್ದು: ಮಾಲೀಕರೋ ಅವರ ಭಾವನೋ ಗಲ್ಲಾದಲ್ಲಿ ತಾವೇ ಕೂತ್ಕೊಳ್ತಿದ್ರು. ಇವತ್ತು ಎರಡು ಮೂರು ಶಾಖೆ ಇದ್ದವರಿಗೆ ಅದು ಆಗಲ್ಲ.

ಕೀಬೋರ್ಡ್‌ನಿಂದ ಶುರುವಾದ ಕೊರತೆ

ಒಎಂಆರ್ ಕಡೆ ಒಂದು ಸಣ್ಣ ಉಡುಪಿ ಹೋಟೆಲ್‌ಗೆ ನನ್ನನ್ನ ಕರೆದಿದ್ದು ಪೆಟ್ಟಿಗೆ ತೆರೀತಿಲ್ಲ ಅಂತಲ್ಲ. ಪೆಟ್ಟಿಗೆ ಚೆನ್ನಾಗೇ ತೆರೀತಿತ್ತು. ದಿನಾ ರಾತ್ರಿ ಮುನ್ನೂರೋ ನಾನೂರೋ ರೂಪಾಯಿ ಕಮ್ಮಿ ಬರ್ತಿತ್ತು. ಕ್ಯಾಶಿಯರ್ ಬೈಂದೂರು ಕಡೆಯ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಮಾಲೀಕರು ಕೆಟ್ಟವರೇನಲ್ಲ. ಆದರೂ "ಎರಡು ತಿಂಗಳಿಂದ ನೋಡ್ತಾ ಇದ್ದೇನೆ ಮಾರಾಯ್ರೇ, ಅವನ ಸಂಬಳದಲ್ಲಿ ಹಿಡಿದ್ರೆ ಬುದ್ಧಿ ಬರ್ತದೆ" ಅನ್ನೋ ಹಂತಕ್ಕೆ ಬಂದಿದ್ರು. ಹುಡುಗ ಎದುರಿಗೇ ನಿಂತಿದ್ದ, ತಲೆ ತಗ್ಗಿಸಿಕೊಂಡು.

ಅವರಲ್ಲಿದ್ದದ್ದು ಪ್ರೋಗ್ರಾಂ ಮಾಡಬಹುದಾದ ಪಿಒಎಸ್ ಕೀಬೋರ್ಡ್. ಇದರ ಬಗ್ಗೆ ಎರಡು ಮಾತು ಹೇಳ್ಬೇಕು. ಇಂಥ ಕೀಬೋರ್ಡ್‌ನಲ್ಲಿ ಕೀಗಳು ಚೌಕಾಕಾರದ ಸಾಲಿನಲ್ಲಿರುತ್ತವೆ, ಮೇಲೆ ಪಾರದರ್ಶಕ ಮುಚ್ಚಳ, ಅದರ ಕೆಳಗೆ ಚೀಟಿ ಇಡಬಹುದು. ಇಡ್ಲಿ, ವಡೆ, ಪೊಂಗಲ್ ಅಂತ ಕನ್ನಡದಲ್ಲೂ ಬರೀಬಹುದು, ತಮಿಳಲ್ಲೂ ಬರೀಬಹುದು. ಎರಡು ಅಥವಾ ನಾಲ್ಕು ಕೀ ಜಾಗ ಹಿಡಿಯೋ ದೊಡ್ಡ ಮುಚ್ಚಳಗಳೂ ಇವೆ. ತಯಾರಕರು ಕೊಡೋ ಸಾಫ್ಟ್‌ವೇರ್‌ನಲ್ಲಿ ಪ್ರತಿ ಕೀಗೆ ಏನು ಬರೆಯಬೇಕು ಅಂತ ಹೇಳಿದ್ರೆ ಅದು ಕೀಬೋರ್ಡ್‌ನ ನೆನಪಿನಲ್ಲೇ ಉಳಿಯುತ್ತೆ, ಬೇರೆ ಕಂಪ್ಯೂಟರ್‌ಗೆ ಹಾಕಿದ್ರೂ ಹಾಗೇ ಇರುತ್ತೆ. ಕಂಪ್ಯೂಟರ್ ಕಣ್ಣಿಗೆ ಅದೊಂದು ಮಾಮೂಲಿ ಕೀಬೋರ್ಡ್, ಯಾರೋ ವೇಗವಾಗಿ ಟೈಪ್ ಮಾಡ್ತಿದ್ದಾರೆ ಅನ್ನೋ ಹಾಗೆ. ಪಕ್ಕದಲ್ಲಿ ಬೀಗದ ಸ್ವಿಚ್ ಇದ್ರೆ ಕೈ ತಿರುಗಿಸಿದಂತೆ ಕೀಗಳ ಅರ್ಥ ಬದಲಾಗೋ ಪದರಗಳನ್ನೂ ಮಾಡ್ಬಹುದು.

ಆ ಹೋಟೆಲ್‌ನಲ್ಲಿ ಕ್ಯಾಶ್ ಅನ್ನೋದು ಕೆಳಗೆ ಬಲಗಡೆ ನಾಲ್ಕು ಕೀ ಅಗಲದ ದೊಡ್ಡ ಮುಚ್ಚಳ. ಯುಪಿಐ ಎರಡನೇ ಪದರದಲ್ಲಿ, ಇನ್ನೊಂದು ಕೀ ಒತ್ತಿ ಹಿಡ್ಕೊಂಡು ಒತ್ತಬೇಕು. ಲೇಔಟ್ ಮಾಡಿದ ಕಾಲಕ್ಕೆ ಕ್ಯಾಶೇ ಹೆಚ್ಚಿದ್ದಿರಬೇಕು. ಈಗ ಗಿರಾಕಿ ಕ್ಯೂಆರ್ ಸ್ಟಿಕ್ಕರ್‌ಗೆ ಸ್ಕ್ಯಾನ್ ಮಾಡ್ತಾನೆ, ಸೌಂಡ್‌ಬಾಕ್ಸ್ ಕೂಗುತ್ತೆ, ಅದಕ್ಕೂ ಬಿಲ್ಲಿಂಗ್ ಸಾಫ್ಟ್‌ವೇರ್‌ಗೂ ಸಂಬಂಧವೇ ಇಲ್ಲ. ಯಾವ ರೀತಿ ಪಾವತಿ ಅನ್ನೋದನ್ನ ಕ್ಯಾಶಿಯರ್ ತಾನೇ ಒತ್ತಬೇಕು. ರಶ್ಶಿನಲ್ಲಿ ಬೆರಳು ಹೋಗೋದು ದೊಡ್ಡ ಕೀಗೆ. ಆಗ ಸಾಫ್ಟ್‌ವೇರ್ ಬರ್ಕೊಳ್ಳುತ್ತೆ: ಕ್ಯಾಶ್ ಬಂತು. ದುಡ್ಡು ಹೋಗಿದ್ದು ಬ್ಯಾಂಕ್ ಖಾತೆಗೆ. ರಾತ್ರಿ ಪೆಟ್ಟಿಗೆಯಲ್ಲಿ ಅಷ್ಟು ಕಮ್ಮಿ.

ಪರೀಕ್ಷಿಸೋದು ಕಷ್ಟ ಆಗಲಿಲ್ಲ. ಯುಪಿಐ ಆ್ಯಪ್‌ನಿಂದ ಒಂದು ವಾರದ ವಹಿವಾಟು ಇಳಿಸ್ಕೊಂಡು, ಸಾಫ್ಟ್‌ವೇರ್‌ನಲ್ಲಿ ಕ್ಯಾಶ್ ಅಂತ ದಾಖಲಾದ ಬಿಲ್‌ಗಳ ಪಕ್ಕ ಇಟ್ಟು, ಮೊತ್ತ ಒಂದೇ ಆಗಿದ್ದು ಒಂದೆರಡು ನಿಮಿಷದ ಅಂತರದಲ್ಲಿ ಬಂದಿದ್ದನ್ನ ಜೋಡಿಸ್ತಾ ಹೋದ್ವಿ. ಯುಪಿಐಯಲ್ಲಿ ದುಡ್ಡು ಬಂದಿದೆ, ಆದರೆ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಯುಪಿಐ ಬಿಲ್ ಇಲ್ಲ, ಅದೇ ಹೊತ್ತಿಗೆ ಅದೇ ಮೊತ್ತದ ಕ್ಯಾಶ್ ಬಿಲ್ ಇದೆ. ಇಂಥವು ಹೆಚ್ಚಾಗಿ ಬೆಳಗಿನ ಟಿಫಿನ್ ಹೊತ್ತಿನಲ್ಲಿ ಗುಂಪಾಗಿದ್ವು. ಒಂದೊಂದು ದಿನದ್ದು ಕೂಡಿಸಿ ನೋಡಿದಾಗ ಆ ದಿನದ ಕೊರತೆಗೆ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸದಲ್ಲಿ ಸರಿಹೋಯ್ತು. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನಿಗೆ "ಕಾಫಿ ತಕೊಂಡು ಬಾ, ನಿಂಗೂ ಒಂದು" ಅಂದ್ರು.

ಗಮನಿಸಿ, ಕ್ಯಾಶ್ ಕೀ ತಪ್ಪಾಗಿ ಒತ್ತಿದ ಕ್ಷಣದಲ್ಲೇ ಆ ಹುಡುಗನಿಗೆ ಗೊತ್ತಾಗಬಹುದಿತ್ತು. ಯುಪಿಐ ಗಿರಾಕಿ ಎದುರಿಗಿರುವಾಗ ಪೆಟ್ಟಿಗೆ ದಬಕ್ ಅಂತ ತೆರ್ಕೊಂಡ್ರೆ, ಅಯ್ಯೋ ತಪ್ಪು ಒತ್ತಿದೆ ಅಂತ ಯಾರಿಗಾದ್ರೂ ಹೊಳೆಯುತ್ತೆ. ಆದರೆ ಅಲ್ಲೂ ಡ್ರೈವರ್‌ನಲ್ಲಿ ಟಿಕ್ ಹಾಕಿದ್ರು. ಯಾವ ಬಿಲ್‌ಗಾದ್ರೂ ತೆರೆಯೋದೇ. ಎಚ್ಚರಿಸಬೇಕಾದ ಪೆಟ್ಟಿಗೆ ಏನೂ ಹೇಳದ ಹಾಗಾಗಿತ್ತು.

ನಾವು ಮಾಡಿದ್ದು ಇಷ್ಟೆ. ಡ್ರೈವರ್‌ನ ಟಿಕ್ ತೆಗೆದ್ವಿ. ಸಾಫ್ಟ್‌ವೇರ್‌ನಲ್ಲಿ ಪಾವತಿ ವಿಧ ಕ್ಯಾಶ್ ಆದ್ರೆ ಮಾತ್ರ ಡ್ರಾಯರ್ ಆಜ್ಞೆ ಅಂತ ಇಟ್ವಿ. ಯುಪಿಐಯನ್ನ ಮೊದಲ ಪದರಕ್ಕೆ ತಂದು ಕ್ಯಾಶ್‌ನಷ್ಟೇ ದೊಡ್ಡ ಮುಚ್ಚಳ ಹಾಕಿ, ಬೇರೆ ಬಣ್ಣ ಕೊಟ್ಟು, ಎರಡರ ನಡುವೆ ಒಂದು ಸಾಲು ಖಾಲಿ ಬಿಟ್ವಿ. ಪಿಒಎಸ್ ಕೀಬೋರ್ಡ್ ಇಲ್ಲದೆ ಮಾಮೂಲಿ ಕೀಬೋರ್ಡ್ ಇರೋ ಕಡೆಯಲ್ಲೂ ಇದು ಸಾಧ್ಯ. ಚೆನ್ನೈ ಮೂಲದ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಗೋಲ್ಡ್ ಕೀಬೋರ್ಡ್ ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಟಕಟಕ ಅನ್ನೋದು ಕೇಳಿರ್ತೀರಲ್ಲ, ಅದರಲ್ಲೂ ದೂರ ದೂರದ ಎರಡು ಫಂಕ್ಷನ್ ಕೀ ಆರಿಸಿ ಬಣ್ಣದ ಸ್ಟಿಕ್ಕರ್ ಅಂಟಿಸಿದ್ರೆ ಆಯ್ತು.

ಸಂಬಳದಲ್ಲಿ ಹಿಡಿಯೋ ವಿಚಾರದಲ್ಲಿ ಕಾನೂನೂ ಇದೆ. ಕೆಲಸಗಾರ ಲೆಕ್ಕ ಒಪ್ಪಿಸಬೇಕಾದ ಹಣ ಕಳೆದುಹೋದ್ರೆ, ಅದು ನೇರವಾಗಿ ಅವನ ನಿರ್ಲಕ್ಷ್ಯದಿಂದ ಆಗಿದ್ರೆ ಮಾತ್ರ, ಅವನಿಗೆ ಕಾರಣ ಹೇಳೋಕೆ ಅವಕಾಶ ಕೊಟ್ಟು ಕಡಿತ ಮಾಡಬಹುದು ಅಂತ 1936ರ ವೇತನ ಪಾವತಿ ಕಾಯ್ದೆ ಹೇಳ್ತಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ನಿಯಮ ಮುಂದುವರಿದಿದೆ. ಕಾರಣ ಹೇಳು ಅಂದಾಗ ಹೇಳೋಕೆ ಅವನ ಹತ್ತಿರ ಏನಿರುತ್ತೆ? ಸಾಫ್ಟ್‌ವೇರ್‌ನ ದಾಖಲೆ ಒಂದೇ. ಅದು ಸರಿಯಾಗಿರೋ ಹಾಗೆ ಜೋಡಿಸೋದು ನಮ್ಮ ಕೈಯಲ್ಲಿದೆ.

ಕೀಬೋರ್ಡ್ ಪ್ರೋಗ್ರಾಂ ಮಾಡೋವಾಗ

ಕೀಬೋರ್ಡ್ ಕಳಿಸೋದು ಅಕ್ಷರವನ್ನಲ್ಲ, ಕೀಯ ಸ್ಥಾನದ ಸಂಖ್ಯೆಯನ್ನ. ಆ ಸಂಖ್ಯೆಗೆ ಯಾವ ಅಕ್ಷರ ಅಂತ ತೀರ್ಮಾನ ಮಾಡೋದು ವಿಂಡೋಸ್‌ನಲ್ಲಿ ಆರಿಸಿರೋ ಭಾಷೆಯ ಲೇಔಟ್. ಇಲ್ಲಿನ ಕೌಂಟರ್ ಕಂಪ್ಯೂಟರ್‌ನಲ್ಲಿ ಯಾರೋ ತಮಿಳು ಟೈಪ್ ಮಾಡೋಕೆ ತಮಿಳು 99 ಲೇಔಟ್‌ಗೆ ಬದಲಾಯಿಸಿ ಹಾಗೇ ಬಿಟ್ಟಿದ್ರೆ, ಇಂಗ್ಲಿಷ್ ಅಕ್ಷರಗಳ ಮ್ಯಾಕ್ರೋ ಇರೋ ನಿಮ್ಮ ಮಸಾಲೆದೋಸೆ ಕೀ ಅರ್ಥವಿಲ್ಲದ ತಮಿಳು ಅಕ್ಷರಗಳನ್ನ ಉದುರಿಸುತ್ತೆ. ನಮ್ಮ ಊರಲ್ಲಿ ಕನ್ನಡ ಲೇಔಟ್ ಇಟ್ರೂ ಅದೇ ಕಥೆ. ಬಾರ್‌ಕೋಡ್ ಸ್ಕ್ಯಾನರ್‌ಗೂ ಇದೇ ಕಾಯಿಲೆ. ಹಾಗಾಗಿ ತಿಂಡಿಗಳಿಗೆ ಹೆಸರಿನ ಬದಲು ಅಂಕಿ ಕೋಡ್ ಕೊಡಿ, ಮೇಲಿನ ಸಾಲಿನ ಅಂಕಿಗಳನ್ನೇ ಬಳಸಿ. ಬಲಗಡೆಯ ನಂಬರ್ ಪ್ಯಾಡ್ ಅಂಕಿಗಳಾದ್ರೆ ನಮ್ ಲಾಕ್ ಆಫ್ ಆದ ದಿನ ಕೈಕೊಡ್ತವೆ.

ಕ್ಯಾಶ್, ಯುಪಿಐನಂಥ ಮುಖ್ಯ ಕೀಗಳಿಗೆ ಎಫ್13ರಿಂದ ಎಫ್24ರವರೆಗಿನ ಕೀಗಳನ್ನ ಕೊಡೋದು ನನಗೆ ಇಷ್ಟ. ಮಾಮೂಲಿ ಕೀಬೋರ್ಡ್‌ನಲ್ಲಿ ಅವು ಇಲ್ಲದಿದ್ರೂ ವಿಂಡೋಸ್‌ಗೆ ಅವು ಗೊತ್ತು, ಬೇರೆ ಯಾವ ಪ್ರೋಗ್ರಾಮೂ ಅವನ್ನ ಸಾಮಾನ್ಯವಾಗಿ ಬಳಸಲ್ಲ, ಭಾಷೆ ಬದಲಾದ್ರೂ ಅವು ಬದಲಾಗಲ್ಲ. ಲಿನಕ್ಸ್‌ನಲ್ಲಿ ಮಾತ್ರ ಅವಕ್ಕೆ ಮಲ್ಟಿಮೀಡಿಯಾ ಕೀಗಳ ಅರ್ಥ ಮೊದಲೇ ಅಂಟಿರಬಹುದು, ನೋಡ್ಕೊಂಡು ಹಾಕಿ. ಹಳೇ ನಿಧಾನದ ಸಾಫ್ಟ್‌ವೇರ್ ಆದ್ರೆ ಮ್ಯಾಕ್ರೋದ ಅಕ್ಷರಗಳ ನಡುವೆ ಸ್ವಲ್ಪ ವಿಳಂಬ ಇಡಿ, ಇಲ್ಲದಿದ್ರೆ 101 ಅನ್ನೋದು 11 ಆಗಿ ಇಡ್ಲಿ ಬದಲು ಬೇರೇನೋ ಬಿಲ್ ಆಗುತ್ತೆ.

ಬಿಲ್ ಇಲ್ಲದೆ ತೆರೆಯೋದು

ಪೆಟ್ಟಿಗೆಯನ್ನ ಮಾರಾಟ ಇಲ್ಲದೆಯೂ ತೆರೆಯಬೇಕಾಗುತ್ತೆ. ಪಕ್ಕದ ಅಂಗಡಿಯವನು ಐನೂರಕ್ಕೆ ಚಿಲ್ಲರೆ ಕೇಳ್ತಾನೆ. ಹಾಲಿನವನಿಗೆ, ಸೊಪ್ಪಿನವನಿಗೆ ಗಲ್ಲಾದಿಂದಲೇ ಕೊಡ್ತಾರೆ. ಇದಕ್ಕೆ ಒಂದೇ ನೋ-ಸೇಲ್ ಕೀ ಇಟ್ಟು ಎಲ್ಲರಿಗೂ ಬಿಟ್ಟುಕೊಟ್ರೆ ಅದೇ ದೊಡ್ಡ ತೂತಾಗುತ್ತೆ. ಎರಡನ್ನ ಬೇರೆ ಮಾಡಿ. ಹೊರಗೆ ದುಡ್ಡು ಕೊಡೋದಕ್ಕೆ ಪಾವತಿ ಅಂತ ಪ್ರತ್ಯೇಕ ಕೀ: ಮೊತ್ತ ಮತ್ತು ಯಾರಿಗೆ ಅಂತ ಹಾಕದೆ ಪೆಟ್ಟಿಗೆ ತೆರೆಯಬಾರದು. ಚಿಲ್ಲರೆಗೆ ನೋ-ಸೇಲ್: ಯಾರು, ಎಷ್ಟು ಹೊತ್ತಿಗೆ ತೆರೆದ್ರು ಅಂತ ದಾಖಲಾಗಬೇಕು. ಮೇಲ್ವಿಚಾರಕರ ಪಿನ್ ಅಥವಾ ಕೀಬೋರ್ಡ್‌ನ ಬೀಗದ ಕೈ ಬೇಕು ಅಂತ ಇಡಬಹುದು. ಬೀಗದ ಕೈಯನ್ನ ಕೌಂಟರ್ ಪಕ್ಕದ ಮೊಳೆಗೇ ನೇತುಹಾಕಿರೋದನ್ನೂ ನೋಡಿದ್ದೀನಿ, ಪಿನ್ ನಂಬರನ್ನ ಮಾನಿಟರ್‌ಗೆ ಅಂಟಿಸಿರೋದನ್ನೂ ನೋಡಿದ್ದೀನಿ. ತಡೆ ಬಿದ್ದುಹೋದ್ರೂ ದಾಖಲೆ ಉಳಿಯುತ್ತೆ, ಆದ್ದರಿಂದ ಎರಡರಲ್ಲಿ ಒಂದೇ ಆಗೋದಾದ್ರೆ ನಾನು ದಾಖಲೆಯನ್ನ ಆರಿಸ್ತೀನಿ.

ಸಾಫ್ಟ್‌ವೇರ್ ನೀವೇ ಬರೀತಿದ್ರೆ ಮೂರನೇ ಪಿನ್‌ನ ಸಿಗ್ನಲ್ ಓದಿ. ಪ್ರಿಂಟರ್‌ಗೆ 16, 4, 1 ಕಳಿಸಿದ್ರೆ ಒಂದು ಬೈಟ್ ಉತ್ತರ ಬರುತ್ತೆ, ಅದರಲ್ಲಿ 4ರ ಬೆಲೆಯ ಬಿಟ್ ಡ್ರಾಯರ್ ಸಿಗ್ನಲ್. 1 ಅಂದ್ರೆ ತೆರೆದಿದೆಯೋ ಮುಚ್ಚಿದೆಯೋ ಅನ್ನೋದು ಡ್ರಾಯರ್ ಮೇಲೆ ಹೋಗುತ್ತೆ, ಒಂದು ಸಲ ಕೈಯಿಂದ ತೆರೆದು ಮುಚ್ಚಿ ನೋಡಿ ಬರ್ಕೊಳ್ಳಿ. ಪೆಟ್ಟಿಗೆ ಮುಚ್ಚೋವರೆಗೆ ಮುಂದಿನ ಬಿಲ್ ಶುರುವಾಗಬಾರದು ಅಂತ ಕಟ್ಟುನಿಟ್ಟು ಮಾಡೋರಿದ್ದಾರೆ. ಟಿಫಿನ್ ರಶ್ಶಿನಲ್ಲಿ ಅದು ಜಗಳಕ್ಕೆ ದಾರಿ. ಪರದೆ ಮೇಲೆ ಕೆಂಪು ಪಟ್ಟಿ ತೋರಿಸಿದ್ರೆ ಸಾಕು ಅಂತ ನನ್ನ ಅಭಿಪ್ರಾಯ.

ಪಾಳಿ ಬದಲಾಗೋವಾಗ ಇಬ್ಬರೂ ಎದುರಿಗೆ ನಿಂತು ಎಣಿಸೋದು ಮುಖ್ಯ. ಹಳೇ ಕ್ಯಾಶ್ ರಿಜಿಸ್ಟರ್‌ಗಳಿಂದ ಬಂದ ಎಕ್ಸ್ ವರದಿ, ಝಡ್ ವರದಿ ಅನ್ನೋ ಮಾತು ಈಗಲೂ ಇದೆ. ಎಕ್ಸ್ ಅಂದ್ರೆ ಇಲ್ಲಿಯವರೆಗಿನ ಲೆಕ್ಕ ನೋಡೋದು, ಝಡ್ ಅಂದ್ರೆ ನೋಡಿ ಸೊನ್ನೆ ಮಾಡೋದು. ಪಾಳಿ ಮುಗಿದಾಗ ಆ ಕ್ಯಾಶಿಯರ್ ಹೆಸರಲ್ಲಿ ಝಡ್ ತೆಗೆದು, ಮುಂದಿನವನಿಗೆ ಕೊಟ್ಟ ಶುರುವಿನ ಚಿಲ್ಲರೆ ಎಷ್ಟು ಅಂತ ಸಾಫ್ಟ್‌ವೇರ್‌ನಲ್ಲೇ ನಮೂದಿಸಿ. ಒಬ್ಬರ ಕೊರತೆ ಇನ್ನೊಬ್ಬರ ತಲೆಗೆ ಬರಬಾರದಲ್ಲ. ಎರಡು ಡ್ರಾಯರ್ ಇರೋ ಕಡೆ ಲಾಗಿನ್ ಆದ ಕ್ಯಾಶಿಯರ್‌ಗೆ ತಕ್ಕಂತೆ ಮೂರನೇ ಬೈಟ್ 0 ಅಥವಾ 1 ಆಗೋ ಹಾಗೆ ಮಾಡಿದ್ರೆ ಅವರವರ ಪೆಟ್ಟಿಗೆ ಅವರವರಿಗೆ.

ಕೊನೆಗೆ ಕರೆಂಟ್ ವಿಷಯ. ಪ್ರಿಂಟರ್‌ಗೆ ಕರೆಂಟ್ ಇಲ್ಲದಿದ್ರೆ ಪೆಟ್ಟಿಗೆ ತೆರೆಯಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚೇರಿ, ಪಳ್ಳಿಕರಣೈ ಕಡೆ ನೀರು ನಿಂತು ಕರೆಂಟ್ ಹೋದಾಗ ಇಲ್ಲಿದ್ದವರಿಗೆ ಗೊತ್ತು, ನೆಟ್‌ವರ್ಕ್ ಕೈಕೊಟ್ಟಾಗ ಯುಪಿಐ ಮರೆತು ನೋಟು ಹುಡುಕಬೇಕಾಗುತ್ತೆ. ಅಂಥ ಹೊತ್ತಿಗೆ ಕೈಯಿಂದ ತೆರೆಯೋ ಬೀಗದ ಕೈ ಬೇಕು. ಡ್ರಾಯರ್ ಜೊತೆ ಸಾಮಾನ್ಯವಾಗಿ ಎರಡು ಕೈ ಬರುತ್ತವೆ. ಒಂದು ಮಾಲೀಕರ ಹತ್ತಿರ, ಇನ್ನೊಂದು ಕೌಂಟರ್‌ನಿಂದ ದೂರ ಎಲ್ಲಾದ್ರೂ ಇರಲಿ. ಎರಡನ್ನೂ ಜೋಪಾನವಾಗಿ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚೋರು ಇದ್ದಾರೆ, ಹೊಸ ಪೆಟ್ಟಿಗೆ ಬಿಚ್ಚೋವಾಗ ಆ ಪ್ಲಾಸ್ಟಿಕ್ ಚೀಲ ಮೊದಲು ಹೊರಗೆ ತೆಗೀರಿ. ಪ್ರಿಂಟರನ್ನ ಯುಪಿಎಸ್‌ಗೆ ಹಾಕಿ, ಮತ್ತೆ ಪೆಟ್ಟಿಗೆಯ ಮುಂದೆ ಒಂದು ಅಡಿಯಷ್ಟಾದ್ರೂ ಜಾಗ ಬಿಡಿ, ತೆರೆದಾಗ ಕ್ಯಾಶಿಯರ್ ಹೊಟ್ಟೆಗೆ ಗುದ್ದೋ ಹಾಗೆ ಜೋಡಿಸಿರೋ ಕೌಂಟರ್‌ಗಳು ಈ ಊರಲ್ಲಿ ಬಹಳ ಇವೆ.